ನಾಯಿಯೂ ಹಗ್ಗವೂ

ಮೂವತ್ತಮೂರು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ೨೦೨೩ರಲ್ಲಿ ನಿವೃತ್ತನಾದವನು ನಾನು. ಹುಡುಗರಿಗೆ ಬುದ್ಧಿ ಹೇಳುವ ಕೆಲಸ ಮುಗಿದ ಮೇಲೆ, ನಾನೇ ಬುದ್ಧಿ ಕಲಿಯುವ ಕೆಲಸ ಮೊದಲಾಗುವುದೆಂದು ಆಗ ನನಗೆ ತಿಳಿದಿರಲಿಲ್ಲ. ಅದನ್ನು ಕಲಿಸಿದುದು ಒಂದು ಮೊಳ ಉದ್ದದ ಬಿಳಿಯ ನಾಯಿ. ಕಥೆ ಬಹಳ ದೊಡ್ಡದೇನೂ ಅಲ್ಲ. ಆದರೆ ನಾಯಿಯನ್ನು ಸಾಕಿರುವವರಿಗೂ, ನಾಯಿಯನ್ನು ಕಂಡರೆ ಹೆದರುವವರಿಗೂ, ಎಂದರೆ ಹೆಚ್ಚುಕಡಮೆ ಎಲ್ಲ ಮನೆಯವರಿಗೂ ಸಂಬಂಧಪಟ್ಟುದಾದುದರಿಂದ, ವಾಚಕರ ಮುಂದೆ ಇಡಲು ಧೈರ್ಯಮಾಡಿದ್ದೇನೆ.

ನಾನು ನಿವೃತ್ತನಾದ ತಿಂಗಳಿನಲ್ಲಿಯೇ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗನು ಒಂದು ಬುಟ್ಟಿಯನ್ನು ಹಿಡಿದುಕೊಂಡು ಮೈಸೂರಿಗೆ ಬಂದನು. ಬುಟ್ಟಿಯೊಳಗೆ ಎರಡು ತಿಂಗಳ ಮರಿಯೊಂದಿದ್ದಿತು. ನಮ್ಮಲ್ಲಿ ಸಾಮಾನ್ಯವಾಗಿ ಪಮೇರಿಯನ್ ಎಂದು ಕರೆಯುವ, ಮೈತುಂಬ ಕೂದಲಿರುವ ಚಿಕ್ಕ ಜಾತಿ. “ಅಪ್ಪ, ಇನ್ನು ಮೇಲೆ ನಿಮ್ಮ ಪಾಠವನ್ನು ಇವನು ಕೇಳಲಿ” ಎಂದು ಹೇಳಿ, ಮರಿಯನ್ನು ನನ್ನ ತೊಡೆಯ ಮೇಲೆ ಬಿಟ್ಟು ಮಾರನೆಯ ದಿನ ಹೊರಟುಹೋದನು.

ಹೆಸರಿಡುವ ಹೊಣೆ ನನ್ನದಾಯಿತು. ಕಳವಾದ ಗೋವುಗಳನ್ನು ಇಂದ್ರನಿಗಾಗಿ ಹುಡುಕಿಕೊಟ್ಟ ಸರಮೆಯೆಂಬ ದೇವಶುನಿಯ ಕಥೆ ನಮ್ಮ ವೈದಿಕ ಪರಂಪರೆಯಲ್ಲಿ ಉಂಟಷ್ಟೆ. ಅವಳ ಸಂತತಿಯವನೆಂಬ ಅರ್ಥದಲ್ಲಿ ಸಂಸ್ಕೃತದಲ್ಲಿ ನಾಯಿಗೆ ಸಾರಮೇಯನೆಂದು ಹೆಸರು. ನಾನು ಅದನ್ನೇ ಇಟ್ಟೆನು. ಆದರೆ ನನ್ನ ಮೊಮ್ಮಗಳ ನಾಲಗೆಗೆ ಅಷ್ಟುದ್ದ ಹೊರಳಲಿಲ್ಲ. ಅವಳು “ಸಾರು” ಎಂದಳು. ಮನೆಯವರೆಲ್ಲ ಅದನ್ನೇ ಹಿಡಿದರು. ಮೊದಮೊದಲು ಬೆಳಗಿನ ಹೊತ್ತು ನಾನು ಬಾಗಿಲಲ್ಲಿ ನಿಂತು “ಸಾರೂ” ಎಂದು ಕೂಗಿದಾಗ, ಎದುರುಮನೆಯವರು ಮೇಷ್ಟ್ರ ಮನೆಯಲ್ಲಿ ಇಷ್ಟು ಬೇಗ ಊಟಕ್ಕೆ ಕುಳಿತರೆ ಎಂದು ಆಶ್ಚರ್ಯಪಟ್ಟರಂತೆ.

ಮರಿಯು ಜಾಣನಾಗಿದ್ದಿತು. ಆರು ತಿಂಗಳಿನಲ್ಲಿ ಕರೆದರೆ ಬರುವುದನ್ನೂ, ಹೇಳಿದರೆ ಕೂರುವುದನ್ನೂ ಕಲಿಯಿತು. ನನಗೆ ಅದು ಹೆಮ್ಮೆ. ತರಗತಿಯಲ್ಲಿ ನಾನು ಎಂದೂ ಬೆತ್ತವನ್ನು ಹಿಡಿದವನಲ್ಲ. ಪ್ರೀತಿಯಿಂದ ಬಾರದ ವಿದ್ಯೆ ಪೆಟ್ಟಿನಿಂದ ಬಾರದು ಎಂಬುದೇ ನನ್ನ ನಂಬಿಕೆ. ಆದುದರಿಂದ ವಾಯುಸೇವನೆಗೆ ಹೊರಟಾಗ ನಾಯಿಯ ಕೊರಳಿಗೆ ಹಗ್ಗವನ್ನು ಕಟ್ಟುವುದು, ಅದರ ಶಿಕ್ಷಣಕ್ಕೂ ನನ್ನ ಉಪಾಧ್ಯಾಯತ್ವಕ್ಕೂ ಒಂದೇ ಸಲ ಮಾಡಿದ ಅವಮಾನವೆಂದು ನನಗೆ ತೋರಿತು. ಸಾರುವನ್ನು ನಾನು ಹಾಗೆಯೇ ಬಿಟ್ಟುಕೊಂಡು ಹೋಗುತ್ತಿದ್ದೆನು.

ನನ್ನ ಹೆಂಡತಿಗೆ ಇದು ಒಪ್ಪಿಗೆಯಾಗಲಿಲ್ಲ. “ಬೀದಿ ನಮ್ಮದಲ್ಲ ಅಂದ್ರೆ, ಒಂದು ಹಗ್ಗ ಹಿಡಿದುಕೊಳ್ಳಿ” ಎಂದು ದಿನವೂ ಹೇಳುತ್ತಿದ್ದಳು. ನನಗೆ ಶಾಸ್ತ್ರದ ಬೆಂಬಲಕ್ಕೆ ಕೊರತೆಯೇ? ಪಾಣಿನಿಯು ಶ್ವನ್, ಯುವನ್, ಮಘವನ್, ಎಂದರೆ ನಾಯಿ, ತರುಣ, ದೇವೇಂದ್ರ, ಈ ಮೂರು ಶಬ್ದಗಳೂ ಒಂದೇ ಬಗೆಯಲ್ಲಿ ಮಾರ್ಪಡುವುದರಿಂದ ಅವನ್ನು ಒಂದೇ ಸೂತ್ರದಲ್ಲಿ ಸೇರಿಸಿರುವನು. ಸೂತ್ರವೆಂದರೆ ದಾರ. “ದೇವೇಂದ್ರನೊಡನೆ ಒಂದೇ ದಾರದಲ್ಲಿ ಕಟ್ಟಿಸಿಕೊಂಡವನಿಗೆ ಇನ್ನೊಂದು ಹಗ್ಗವೇಕೆ?” ಎಂದೆನು. ಅವಳು ನಗಲಿಲ್ಲ. “ಧರ್ಮರಾಯನ ಹಿಂದೆ ಸ್ವರ್ಗದ ಬಾಗಿಲವರೆಗೂ ಹೋದ ನಾಯಿಗೆ ಯಾರು ಹಗ್ಗ ಕಟ್ಟಿದ್ದರು?” ಎಂದೆನು. “ಆ ದಾರಿಯಲ್ಲಿ ಸ್ಕೂಟರು ಓಡಾಡುತ್ತಿರಲಿಲ್ಲ” ಎಂದು ಹೇಳಿ ಒಳಗೆ ಹೋದಳು.

ನನ್ನ ಪಕ್ಷದಲ್ಲಿಯೂ ಸತ್ಯವಿಲ್ಲದಿರಲಿಲ್ಲ. ನಾವು ಬೆಳಗ್ಗೆ ಎದ್ದು ಪತ್ರಿಕೆಯನ್ನು ಓದುವಂತೆ ನಾಯಿಯು ಬೀದಿಯ ಕಂಬಗಳನ್ನೂ ಮರದ ಬುಡಗಳನ್ನೂ ಮೂಗಿನಿಂದ ಓದುವುದು. ಯಾರು ಬಂದಿದ್ದರು, ಯಾವ ಕಡೆಗೆ ಹೋದರು, ಎಂಬುದೆಲ್ಲ ಅದಕ್ಕೆ ಅಲ್ಲಿ ದೊರೆಯುವುದು. ಓದುತ್ತಿರುವವನ ಕೈಯಿಂದ ಪತ್ರಿಕೆಯನ್ನು ಕಿತ್ತುಕೊಂಡಂತೆ ಹಗ್ಗವನ್ನು ಜಗ್ಗುತ್ತ ಎಳೆದೊಯ್ಯುವುದು ನಿರ್ದಯೆಯೇ ಸರಿ. ಹೊಂಗೆಯ ಮರಗಳ ಕೆಳಗೆ, ಬಾಲವನ್ನು ಬೆನ್ನಿನ ಮೇಲೆ ಸುರುಳಿ ಸುತ್ತಿಕೊಂಡು ಸಾರು ಸ್ವೇಚ್ಛೆಯಾಗಿ ಓಡುವುದನ್ನು ನೋಡಿದರೆ, ನಿವೃತ್ತನಾದ ನನಗೂ ಏನೋ ಒಂದು ಬಿಡುಗಡೆ ದೊರೆತಂತೆ ಆಗುತ್ತಿದ್ದಿತು. ದಾರಿಯಲ್ಲಿ ಯಾರಾದರೂ ಬೆಚ್ಚಿ ಹಿಂದೆ ಸರಿದರೆ, “ಹೆದರಬೇಡಿ, ಏನೂ ಮಾಡುವುದಿಲ್ಲ” ಎಂದು ನಗುತ್ತ ಹೇಳುತ್ತಿದ್ದೆನು. ಈ ಮಾತನ್ನು ನಾನು ಎಷ್ಟು ನೂರು ಸಲ ಹೇಳಿದೆನೋ ಲೆಕ್ಕವಿಲ್ಲ.

೨೦೨೪ರ ದೀಪಾವಳಿಯು ಕಳೆದ ಮರುವಾರ ಒಂದು ಬೆಳಗ್ಗೆ. ಇನ್ನೂ ಬೆಳಕು ಪೂರ್ತಿ ಹರಿದಿರಲಿಲ್ಲ. ಯಾವುದೋ ಮನೆಯ ಹುಡುಗನು ಉಳಿದಿದ್ದ ಪಟಾಕಿಯೊಂದಕ್ಕೆ ಬೆಂಕಿ ತಗುಲಿಸಿದನು. ಆ ಸದ್ದಿಗೆ ಸಾರು ಬಾಣದಂತೆ ಓಡಿತು. ನಾನು ಕರೆದೆನು, ಆರು ತಿಂಗಳ ನನ್ನ ಪಾಠವು ಆ ಒಂದು ಕ್ಷಣದಲ್ಲಿ ಅದರ ಕಿವಿಗೆ ಮುಟ್ಟಲಿಲ್ಲ. ಬೀದಿಯ ತಿರುವಿನಲ್ಲಿ, ಸೊಂಟದ ಮೇಲೆ ಬುಟ್ಟಿಯನ್ನಿಟ್ಟುಕೊಂಡು ನಮ್ಮ ಬಡಾವಣೆಯ ಹೂವಾಡಗಿತ್ತಿ ಬರುತ್ತಿದ್ದಳು. ಸಾರು ನೇರವಾಗಿ ಅವಳ ಕಡೆಗೆ ನುಗ್ಗಿತು. ಕಚ್ಚುವುದಕ್ಕಲ್ಲ, ಬೊಗಳುವುದಕ್ಕೂ ಅಲ್ಲ, ನಡುಗುತ್ತ ಅವಳ ಸೀರೆಯ ನೆರಿಗೆಯಲ್ಲಿ ಅಡಗಿಕೊಳ್ಳುವುದಕ್ಕೆ. ಅವಳು ಒಂದು ಕೂಗನ್ನು ಕೂಗಿ ಹಿಂದಕ್ಕೆ ಬಿದ್ದಳು. ಸೇವಂತಿಗೆಯೂ ಮಲ್ಲಿಗೆಯೂ ಚರಂಡಿಯವರೆಗೆ ಚೆಲ್ಲಿದುವು. ಊರಿದ ಬಲಗೈಯ ಮಣಿಕಟ್ಟಿನ ಮೂಳೆ ಮುರಿದಿದ್ದಿತು.

ಅವಳನ್ನು ಆಸ್ಪತ್ರೆಗೆ ಕರೆದುಕೊಂಡುಹೋಗಿ, ಕಟ್ಟು ಹಾಕಿಸಿ, ಆಗಬೇಕಾದ ವೆಚ್ಚವನ್ನು ಕೊಟ್ಟೆನು. ಇದನ್ನು ನನ್ನ ಹೊಗಳಿಕೆಗಾಗಿ ಹೇಳುತ್ತಿಲ್ಲ. ಆರು ವಾರ ಕೈಯನ್ನು ಅಲುಗಿಸಬಾರದೆಂದು ವೈದ್ಯರು ಹೇಳಿದರು. ಹೂವು ಕಟ್ಟಿ ಬದುಕುವವಳಿಗೆ ಬಲಗೈಯೆಂದರೆ ಏನೆಂಬುದನ್ನು ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ವಾರದ ಮೇಲೆ ನಾನು ಅವಳ ಮನೆಗೆ ಹೋದೆನು. ಮಗಳು ಶಾಲೆಯನ್ನು ಬಿಟ್ಟು ಬಾಗಿಲಲ್ಲಿ ಕುಳಿತು ಬಾಳೆನಾರಿನಲ್ಲಿ ಹೂವು ಕಟ್ಟುತ್ತಿದ್ದಳು. ಉಪಾಧ್ಯಾಯನಾದ ನನ್ನ ಕಣ್ಣಿಗೆ ಅದೇ ಮೊದಲು ಬಿದ್ದಿತು. ಒಳಗೆ ಹೋಗಿ ಕುಳಿತೆನು. ಏನು ಹೇಳಬೇಕೆಂದು ತೋರದೆ, ರೂಢಿಯ ಬಲದಿಂದ, “ಅದು ಕಚ್ಚುವ ನಾಯಿಯಲ್ಲ ತಾಯಿ, ಏನೂ ಮಾಡುವುದಿಲ್ಲ” ಎಂದುಬಿಟ್ಟೆನು.

ಅವಳು ಕೋಪಮಾಡಿಕೊಳ್ಳಲಿಲ್ಲ. “ಮೇಷ್ಟ್ರೇ, ಅದು ಕಚ್ಚಾಕಿಲ್ಲ ಅಂತ ನಿಮಗೆ ಗೊತ್ತು. ನಂಗೆ ಹೆಂಗೆ ಗೊತ್ತಾಯ್ತದೆ?” ಎಂದಳು.

ಹತ್ತು ವರ್ಷದ ಹುಡುಗಿಯಾಗಿದ್ದಾಗ ಹಳ್ಳಿಯಲ್ಲಿ ಅವಳನ್ನು ಹುಚ್ಚುನಾಯಿ ಕಚ್ಚಿತ್ತಂತೆ. ಆ ಕಾಲದ ಚಿಕಿತ್ಸೆಯಂತೆ ಹೊಟ್ಟೆಯ ಮೇಲೆ ದಿನಕ್ಕೊಂದರಂತೆ ಹದಿನಾಲ್ಕು ಸೂಜಿಗಳನ್ನು ಚುಚ್ಚಿಸಿಕೊಂಡಳು. ಅದೇ ನಾಯಿ ಕಚ್ಚಿದ ನೆರೆಯ ಹುಡುಗನೊಬ್ಬನನ್ನು ಮನೆಯವರು ಆಸ್ಪತ್ರೆಗೆ ಕರೆದೊಯ್ಯಲಿಲ್ಲ, ಅವನು ಉಳಿಯಲಿಲ್ಲ. ಆಮೇಲೆ ಅವಳು ಮತ್ತೊಂದು ಮಾತನ್ನು ಹೇಳಿದಳು. ನಾನು ಸಾರುವನ್ನು ಬಿಟ್ಟುಕೊಂಡು ಬರುವುದನ್ನು ಕಂಡಾಗಿನಿಂದ, ಸುಮಾರು ಒಂದು ವರ್ಷ, ಅವಳು ನಮ್ಮ ಬೀದಿಯನ್ನು ಬಿಟ್ಟು ಹಿಂದಿನ ರಸ್ತೆಯಿಂದ ಸುತ್ತಿಕೊಂಡು ಹೋಗುತ್ತಿದ್ದಳಂತೆ. ಅಂದು ತಡವಾಯಿತೆಂದು ಒಂದು ದಿನ ಮಾತ್ರ ಈ ದಾರಿಯಲ್ಲಿ ಬಂದಳು. ನಾನು ಬೆಳಗಿನ ಬೀದಿ ನಿರ್ಜನವಾಗಿದೆಯೆಂದು ಸಂತೋಷಪಡುತ್ತಿದ್ದೆನು. ಅದನ್ನು ನಿರ್ಜನಮಾಡಿದವನು ನಾನೇ ಎಂದು ನನಗೆ ಹೊಳೆದಿರಲಿಲ್ಲ.

ಆ ರಾತ್ರಿ ನಿದ್ರೆ ಹತ್ತಲಿಲ್ಲ. ಮೊಮ್ಮಗಳಿಗೆ ನಾನು ಅನೇಕಾವೃತ್ತಿ ಹೇಳಿದ ಮಹಾಭಾರತದ ಆದಿಪರ್ವದ ಕಥೆಯೊಂದು ನೆನಪಿಗೆ ಬಂದಿತು. ಜನಮೇಜಯನ ಯಾಗಶಾಲೆಗೆ ಸರಮೆಯ ಮರಿಯೊಂದು ಬಂದಿತು. ರಾಜನ ತಮ್ಮಂದಿರು ಅದನ್ನು ಹೊಡೆದಟ್ಟಿದರು. ಅದು ಅಳುತ್ತ ತಾಯಿಯ ಬಳಿಗೆ ಹೋಗಿ, ತಾನು ಏನೂ ಮಾಡಲಿಲ್ಲ, ಹವಿಸ್ಸನ್ನು ನೋಡಲೂ ಇಲ್ಲ, ನೆಕ್ಕಲೂ ಇಲ್ಲ ಎಂದಿತು. ಸರಮೆಯು ಬಂದು ನ್ಯಾಯ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಆಗ ಅವಳು, ನಿಮಗೆ ಕಾಣದ ಕಡೆಯಿಂದ ಭಯವು ಬರಲಿ ಎಂದು ಶಪಿಸಿದಳು. ಈ ಕಥೆಯಲ್ಲಿ ನಾನು ಯಾವಾಗಲೂ ಮರಿಯ ಪಕ್ಷವನ್ನೇ ಹಿಡಿಯುತ್ತಿದ್ದೆನು. ಈಗಲೂ ಮರಿ ನಿರಪರಾಧಿಯೇ. ಆದರೆ ಕಾಣದ ಕಡೆಯಿಂದ ಬರುವ ಭಯವೆಂದರೆ ಎಂತಹ ಶಾಪ ಎಂಬುದನ್ನು ನಾನು ಆ ಹೂವಾಡಗಿತ್ತಿಯ ಮುಖದಲ್ಲಿ ಮೊದಲ ಬಾರಿ ಓದಿದೆನು. ಯಾವ ಅಪರಾಧವನ್ನೂ ಮಾಡದ ಅವಳ ಮೇಲೆ, ಪ್ರತಿದಿನವೂ ಬೀದಿಯ ತಿರುವಿನಲ್ಲಿ, ಆ ಶಾಪವನ್ನು ಹೊರಿಸುತ್ತಿದ್ದವನು ನಾನು.

ಅವಳ ಭಯವು ಮೂಢಭಯವೂ ಅಲ್ಲ. ಲೂಯಿ ಪಾಸ್ಟರನು ೧೮೮೫ರಲ್ಲಿ ಹುಚ್ಚುನಾಯಿ ಕಚ್ಚಿದ ಬಾಲಕನೊಬ್ಬನಿಗೆ ಮೊದಲ ಲಸಿಕೆಯನ್ನು ಹಾಕಿ ಬದುಕಿಸಿದನು. ಹೊಟ್ಟೆಯ ಮೇಲಣ ಆ ಹಳೆಯ ಸೂಜಿಗಳು ಈಗ ಹೋಗಿ, ತೋಳಿಗೆ ಹಾಕುವ ನಾಲ್ಕೈದು ಸೂಜಿಗಳು ಬಂದಿವೆ. ಆದರೂ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಅತಿ ವಿರಳ. ಯಾವ ನಾಯಿ ಕಚ್ಚಿದರೂ ಗಾಯವನ್ನು ಕೂಡಲೇ ಸೋಪು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನಮ್ಮ ಸಾರುವಿಗೆ ವರ್ಷವರ್ಷವೂ ಲಸಿಕೆ ಹಾಕಿಸುತ್ತೇವೆ. ಆದರೆ ಆ ಸಂಗತಿ ಅದರ ಹಣೆಯ ಮೇಲೆ ಬರೆದಿಲ್ಲವಷ್ಟೆ.

ಕಾನೂನು ಸಹ ಈ ವಿಷಯದಲ್ಲಿ ಮೌನವಾಗಿಲ್ಲ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ೨೯೧ನೆಯ ಕಲಮಿನಂತೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಪ್ರಾಣಕ್ಕೆ ಅಪಾಯವಾಗಲಿ ತೀವ್ರವಾದ ಗಾಯವಾಗಲಿ ಸಂಭವಿಸದಂತೆ ಎಚ್ಚರ ವಹಿಸದವನಿಗೆ ಆರು ತಿಂಗಳವರೆಗೆ ಸೆರೆಮನೆಯೋ, ೫,೦೦೦ ರೂಪಾಯಿವರೆಗೆ ದಂಡವೋ, ಎರಡೂ ಸೇರಿಯೋ ವಿಧಿಸಬಹುದು. ಅವಳು ಯಾರಲ್ಲಿಯೂ ದೂರು ಕೊಡಲಿಲ್ಲ. ಕೊಟ್ಟಿದ್ದರೆ ನನ್ನ ಮನಸ್ಸಿಗೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ಮಾರನೆಯ ದಿನವೇ ಹಗ್ಗವನ್ನು ತಂದೆನು. ಚಿಕ್ಕ ನಾಯಿಗಳ ಶ್ವಾಸನಾಳವು ಮೃದುವಾದುದರಿಂದ ಕೊರಳಿಗೆ ಕಟ್ಟಿ ಜಗ್ಗಬಾರದೆಂದು ಪಶುವೈದ್ಯರು ಹೇಳಿದರು. ಎದೆಯನ್ನೂ ಹೆಗಲನ್ನೂ ಬಳಸುವ ಪಟ್ಟಿಯನ್ನು ಹಾಕಿ ಅದಕ್ಕೆ ಹಗ್ಗವನ್ನು ಸೇರಿಸಿದೆನು. ಕಂಬದ ಬಳಿ ಸಾರು ನಿಂತರೆ ಈಗ ನಾನೂ ನಿಲ್ಲುತ್ತೇನೆ. ಅದರ ಓದು ಮುಗಿಯುವವರೆಗೆ ಕಾಯುತ್ತೇನೆ. ಅವಸರಪಡುವ ಉದ್ಯೋಗ ನನಗಂತೂ ಇಲ್ಲ. ಸಂಜೆ ಗೋಡೆಯಿರುವ ತಾರಸಿಯ ಮೇಲೆ ಬಾಗಿಲು ಹಾಕಿಕೊಂಡು ಬಿಟ್ಟರೆ ಮನಸೋಯಿಚ್ಛೆ ಓಡುತ್ತದೆ. ದೀಪಾವಳಿಯ ದಿನಗಳಲ್ಲಿ ಮನೆಯ ಒಳಕೋಣೆಯೇ ಅದಕ್ಕೆ ಆಶ್ರಯ. ಬೀದಿನಾಯಿಗಳು ತಮ್ಮ ಎಲ್ಲೆಯನ್ನು ಕಾಯುತ್ತ ಗುಂಪಾಗಿ ಬಂದಾಗ, ಓಡಿದ ಚಿಕ್ಕ ನಾಯಿಯನ್ನು ಅವು ಅಟ್ಟಿಸಿಕೊಂಡು ಹೋಗುವುವು. ಹಗ್ಗದಲ್ಲಿರುವುದನ್ನು ನಾವು ಕೂಡಲೇ ಎತ್ತಿಕೊಳ್ಳಬಹುದು. ಹೀಗೆ ಅವಮಾನವೆಂದು ನಾನು ಬಗೆದಿದ್ದುದು ಅದಕ್ಕೆ ರಕ್ಷೆಯೂ ಆಯಿತು.

ನಾಯಿಯನ್ನು ನಾನು ನಂಬುವೆನು, ಇಂದೂ ನಂಬುವೆನು. ಆದರೆ ನನ್ನ ನಂಬಿಕೆಯನ್ನು ಬೀದಿಯಲ್ಲಿ ಹೋಗುವವರೆಲ್ಲ ನಂಬಬೇಕೆಂದು ವಿಧಿಸಲು ನಾನು ಯಾರು? ಹಗ್ಗವು ನಾಯಿಯ ಗುಣದ ಮೇಲೆ ಕೊಟ್ಟ ತೀರ್ಪಲ್ಲ; ಅದರ ಗುಣವನ್ನು ಅರಿಯದವರಿಗೆ ನಾವು ಸಲ್ಲಿಸುವ ಮರ್ಯಾದೆ. ಬೆತ್ತವಿಲ್ಲದ ತರಗತಿಯೇ ಬೇರೆ. ಗೋಡೆಯಿಲ್ಲದ ಬೀದಿಯೇ ಬೇರೆ. ಈ ಭೇದವನ್ನು ನನ್ನ ಹೆಂಡತಿ ಯಾವ ಸೂತ್ರದ ಸಹಾಯವೂ ಇಲ್ಲದೆ ಮೊದಲೇ ಅರಿತಿದ್ದಳು.

ಹೂವಾಡಗಿತ್ತಿಯ ಮಗಳು ಪುನಃ ಶಾಲೆಗೆ ಹೋಗುತ್ತಿದ್ದಾಳೆ. ಸಂಜೆ ನಮ್ಮ ಮನೆಗೆ ಬಂದು, ತಪ್ಪಿಹೋದ ಪಾಠಗಳನ್ನು ಹೇಳಿಸಿಕೊಂಡಳು. ತಾಯಿಯ ಕೈ ಕೂಡಿದೆ. ಚಳಿಯಲ್ಲಿ ಮಾತ್ರ ನೋಯುವುದಂತೆ. ಅವಳು ಸಾರುವನ್ನು ಮುಟ್ಟುವುದಿಲ್ಲ. ಮುಟ್ಟಬೇಕೆಂದು ನಾನೂ ಹೇಳುವುದಿಲ್ಲ. ದೂರದಲ್ಲಿ ಅವಳು ಕಾಣಿಸಿದೊಡನೆ ಹಗ್ಗವನ್ನು ಕೈಗೆ ಸುತ್ತಿ, ನಾಯಿಯನ್ನು ಕಾಲಿನ ಬಳಿಗೆ ಸೆಳೆದುಕೊಂಡು ನಿಲ್ಲುತ್ತೇನೆ. ಅವಳು ಒಮ್ಮೆ ಹಗ್ಗವನ್ನು ನೋಡುತ್ತಾಳೆ, ಒಮ್ಮೆ ನನ್ನನ್ನು ನೋಡುತ್ತಾಳೆ. ಆಮೇಲೆ ಬುಟ್ಟಿಯನ್ನು ಸರಿಮಾಡಿಕೊಂಡು ನಮ್ಮ ಬೀದಿಯಲ್ಲಿಯೇ ನಡೆದುಹೋಗುತ್ತಾಳೆ.