ಒಂದು ಗೇಣಿನಾಚೆ

ಊರು ಜಾಲಹಳ್ಳಿ ಎಂದರೆ ಸಾಕು, ಹಾಸ್ಟೆಲ್ಲಿನವರು ಬೆಂಗಳೂರಿನ ಜಾಲಹಳ್ಳಿ ಅಂದುಕೊಳ್ಳುತ್ತಾರೆ. ನನ್ನದು ರಾಯಚೂರು ಜಿಲ್ಲೆ, ದೇವದುರ್ಗ ತಾಲ್ಲೂಕಿನದು. ಇಲ್ಲಿ ಮೆಟ್ರೊ ಇಲ್ಲ. ಕರೆಂಟ್ ಹೋದರೆ ಆಕಾಶ ಇದೆ.

ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಒಂದು ರಾತ್ರಿ ಹಾಗೇ ಕರೆಂಟ್ ಹೋಯಿತು. ಮಾಳಿಗೆ ಹತ್ತಿದೆ. ಮಾರ್ಚಿಗೆ ಫೆಲೋಶಿಪ್ ಮುಗಿಯುತ್ತದೆ, ಪ್ರಬಂಧ ಇನ್ನೂ ಅರ್ಧದಲ್ಲಿದೆ ಎಂಬುದನ್ನು ಅಪ್ಪನಿಗೆ ಹೇಳಿರಲಿಲ್ಲ. ಪಿಎಚ್‌ಡಿ ಸೇರುತ್ತೇನೆ ಎಂದ ದಿನ ಅವನು ಕೂಗಾಡಿದ್ದು ಓಣಿಗೆಲ್ಲ ಕೇಳಿತ್ತು. ಆಮೇಲೆ ಆ ಮಾತೇ ಎತ್ತಿದವನಲ್ಲ. ಈಗ ಬ್ಯಾಟರಿ ಹಿಡಿದು ಹಿಂದೆಯೇ ಹತ್ತಿ ಬಂದ.

"ಐದು ವರ್ಷಾತು. ಯಾವ್ದದು ನಿನ್ನ ಚಿಕ್ಕಿ? ತೋರಸು."

ಮಹಾವ್ಯಾಧನ ಕಾಲಲ್ಲಿ ಹೊಳೆಯುವ ರಿಜೆಲ್‌ನಿಂದ ಪಶ್ಚಿಮಕ್ಕೆ, ಕೈ ನೀಟಾಗಿ ಚಾಚಿ ಒಂದು ಗೇಣು ಅಳೆದು, ಇನ್ನೊಂಚೂರು ಆಚೆ ಹೋದರೆ ಮಸುಕಾಗಿ ಕಾಣುತ್ತದೆ ಎಪ್ಸಿಲಾನ್ ಎರಿಡಾನಿ. ನಮಗೆ 10.5 ಜ್ಯೋತಿರ್ವರ್ಷ ದೂರದ ಕಿತ್ತಳೆ ಕುಬ್ಜ. ಸೂರ್ಯನಿಗಿಂತ ಸಣ್ಣದು, ತಂಪು; ವಯಸ್ಸು ನೂರು ಕೋಟಿ ವರ್ಷವೂ ಆಗಿಲ್ಲ. ಸೂರ್ಯ ತನ್ನ ಸುತ್ತ ತಿರುಗಲು 25 ದಿನ ತೆಗೆದುಕೊಂಡರೆ ಇದಕ್ಕೆ ಸುಮಾರು 11 ದಿನ ಸಾಕು. ಆ ವೇಗಕ್ಕೆ ಕಾಂತಕ್ಷೇತ್ರ ಬಲವಾಗುತ್ತದೆ. ಅದರ ರೇಖೆಗಳು ಹುರಿಗೊಂಡು, ತುಂಡಾಗಿ ಮತ್ತೆ ಕೂಡಿಕೊಳ್ಳುವಾಗ ಜ್ವಾಲೆ ಸಿಡಿಯುತ್ತದೆ.

2015ರ ಜನವರಿಯಲ್ಲಿ ಚಿಲಿ ದೇಶದ ಆಲ್ಮಾ ದೂರದರ್ಶಕ ಈ ನಕ್ಷತ್ರದ ಸುತ್ತಲಿನ ದೂಳಿನ ಉಂಗುರವನ್ನು ನೋಡುತ್ತಿತ್ತು. ಆ ದತ್ತಾಂಶದಲ್ಲಿ ಒಂದು ಜ್ವಾಲೆಯೂ ಸೇರಿಕೊಂಡಿತ್ತು. ಅದನ್ನು ಗುರುತಿಸಿದ ಪ್ರಬಂಧ ಬಂದದ್ದು 2022ರಲ್ಲಿ. ಅದು ಅಲ್ಲಿಂದ ಹೊರಟದ್ದು 2004ರಲ್ಲಿ. ನಾನಾಗ ಕನ್ನಡ ಶಾಲೆಯಲ್ಲಿ ಮಗ್ಗಿ ಕಲಿಯುತ್ತಿದ್ದೆ.

ಗ್ರಹ ಹುಡುಕುವವರಿಗೆ ಈ ಸಿಡುಕು ನಕ್ಷತ್ರ ದೊಡ್ಡ ಕಾಟ. 2000ದಲ್ಲೇ ಇಲ್ಲಿ ಗುರುವಿನಂಥ ಒಂದು ಗ್ರಹವಿದೆ ಎಂದು ಘೋಷಿಸಿದ್ದರು. ಅದರ ಸುತ್ತಿಗೆ ಏಳು ವರ್ಷ ಚಿಲ್ಲರೆ. ಆದರೆ ಆ ಸಣ್ಣ ಎಳೆತ ಗ್ರಹದ್ದೋ, ನಕ್ಷತ್ರದ ಮೈಮೇಲಿನ ಕಲೆಗಳ ಆಟವೋ ಎಂಬ ಅನುಮಾನ ಬಹಳ ವರ್ಷ ಬಿಡಲಿಲ್ಲ. ಗದ್ದಲವನ್ನು ಸೋಸುವುದೇ ನನ್ನ ಕೆಲಸ. ಮನೆಯಲ್ಲಿ ಆ ಕೆಲಸ ನಾನೆಂದೂ ಮಾಡಿರಲಿಲ್ಲ.

"ಅಲ್ಲಿ ಬೆಳಿ ಬರ್ತದೇನು?" ಅಪ್ಪ ಕೇಳಿದ.

ಸೆಮಿನಾರಿನಲ್ಲಿ ಇದನ್ನೇ ಸುತ್ತಿ ಬಳಸಿ ಕೇಳುತ್ತಾರೆ. "ಇಲ್ಲಪಾ. ಆ ಗ್ರಹದಾಗ ನೆಲಾನೇ ಇಲ್ಲ, ಬರೇ ಗಾಳಿ."

"ಮತ್ತ ಯಾಕ್ ನೋಡ್ತಿ?"

"ನಮ್ಮ ಸೂರ್ಯನೂ ಹರೇದಾಗ ಹಿಂಗ ಇದ್ದ. ಆವಾಗ ಭೂಮಿ ಹೆಂಗ ತಡಕೊಂತು ಅಂತ ತಿಳೀಬೇಕಲ್ಲ."

ಅಪ್ಪ ಕೈ ಚಾಚಿ ತಾನೇ ಗೇಣು ಹಾಕಿದ. ಹತ್ತಿ ಬಿಡಿಸಿ ಒರಟಾದ, ನನ್ನದಕ್ಕಿಂತ ಅಗಲದ ಕೈ. ಚಿಕ್ಕಿ ಅವನ ಗೇಣಿನೊಳಗೇ ಬಂತು.

"ಮಾರ್ಚಿಗಿ ರೊಕ್ಕ ನಿಂದರ್ತದಂತಲ್ಲ," ಎಂದ. ಅವ್ವ ಹೇಳಿರಬೇಕು. "ಮುಗಸಾಕ ಎಷ್ಟ್ ಬೇಕಾಗ್ತದ?"

ನನ್ನ ಹತ್ತಿರ ಲೆಕ್ಕವಿರಲಿಲ್ಲ.

"ನಾಳಿ ಹೇಳು. ಹತ್ತಿ ಬಿಡಸಾಕ ಮಂದಿ ಬರ್ತಾರ, ಲಗೂನ ಏಳು," ಎಂದು ಬ್ಯಾಟರಿಯನ್ನು ನನ್ನ ಕೈಗೆ ಕೊಟ್ಟು, ಕತ್ತಲಲ್ಲೇ ಮೆಟ್ಟಿಲಿಳಿದ.