ಸೂರ್ಯನ ಮಚ್ಚೆ

ಹಪ್ಪಳ ಒಣಹಾಕುವವರಿಗೆ ಸೂರ್ಯನ ಜೊತೆ ಬಹಳ ಸಲಿಗೆ. ಅವನ ಮುಖದಲ್ಲೂ ಮಚ್ಚೆಗಳಿವೆಯೆಂದು ನನಗೆ ಹೇಳಿದವಳು ಮಗಳು. ಸುಮಾರು 11 ವರ್ಷಕ್ಕೊಮ್ಮೆ ಅವು ಹೆಚ್ಚಿ ಕಡಿಮೆಯಾಗುತ್ತವಂತೆ. ಹೆಚ್ಚಿದಾಗ ಸೌರ ಬಿರುಗಾಳಿಗಳೂ ಹೆಚ್ಚು. 1989ರ ಮಾರ್ಚಿನಲ್ಲಿ ಅಂಥದೊಂದು ಬಂದು ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಒಂಬತ್ತು ಗಂಟೆ ಕರೆಂಟಿರಲಿಲ್ಲ. (ನಮ್ಮೂರಿನವರಿಗೆ ಇದೇನು ಮಹಾ ಅನ್ನಿಸೀತು!)

ಮುಂದಿನ ಏರಿಕೆ ಎಷ್ಟೆಂದು ಊಹಿಸಲು ಕಂಪ್ಯೂಟರಿಗೆ ಕಲಿಸುವುದೇ ಅವಳ ಓದು. 1749ರಿಂದ ತಿಂಗಳು ತಿಂಗಳು ಬರೆದಿಟ್ಟ ಲೆಕ್ಕವನ್ನೆಲ್ಲ ಅದಕ್ಕೆ ಉಣಿಸಿದಳು.

"ಅಷ್ಟು ವರ್ಷದ್ದು ಸಾಲದೇನೇ?" ಎಂದೆ.

"ತಿಂಗಳು ಸಾವಿರಾರು ಇವೆ ಅಮ್ಮ. ಪೂರ್ತಿ ಸುತ್ತುಗಳು ಮಾತ್ರ 1755ರಿಂದ 2019ರವರೆಗೆ ಬರೀ 24."

24 ಸಲ ಒಬ್ಬಟ್ಟು ಮಾಡಿದವಳಿಗೂ 25ನೆಯದು ಹರಿಯುವುದುಂಟು.

2019ರಲ್ಲಿ ತಜ್ಞರ ಸಮಿತಿಯೇ, 2025ರ ಜುಲೈ ಹೊತ್ತಿಗೆ ಮಚ್ಚೆಯ ಸಂಖ್ಯೆ 115ಕ್ಕೆ ಏರೀತು ಎಂದಿತ್ತು. ಏರಿದ್ದು 160ರ ಹತ್ತಿರ, ಅದೂ 2024ರ ಅಕ್ಟೋಬರಿನಲ್ಲೇ. ಮಗಳ ಯಂತ್ರವೂ ಕಡಿಮೆಯೇ ಹೇಳಿತ್ತು. ಎರಡು ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ.

"ಮುಂದಿನ ಸುತ್ತಿಗೆ ನೋಡೋಣ ಬಿಡೆ" ಎಂದೆ.

"ಅಷ್ಟು ಹೊತ್ತಿಗೆ ನನಗೆ 37 ಆಗಿರುತ್ತಮ್ಮ."

ನನ್ನ ವಯಸ್ಸಿಗೂ 11 ಕೂಡಿಸಿ ನೋಡಿದೆ. ಏನೂ ಹೇಳದೆ ಹಪ್ಪಳ ಮಗುಚಿಹಾಕಿದೆ.