ಧಾರವಾಡದ ಏರಿನಲ್ಲಿ ನಂಬರಿಲ್ಲದ ಗಾಡಿ

ಬೆಳಗಿನ ಆರೂವರೆಗೇ ಧಾರವಾಡದ ಸಪ್ತಾಪುರ ಎಚ್ಚೆತ್ತಿರುತ್ತದೆ. ಟ್ಯೂಷನ್ನು, ಕೋಚಿಂಗು, ವಾಚನಾಲಯಗಳ ಈ ಬಡಾವಣೆಯಲ್ಲಿ ಬೆನ್ನಿಗೆ ಚೀಲ ಏರಿಸಿದ ಹುಡುಗ ಹುಡುಗಿಯರದೇ ರಾಜ್ಯ. ಒಂದು ಕಾಲಕ್ಕೆ ಇಲ್ಲಿ ವಿದ್ಯಾರ್ಥಿಗಳೆಂದರೆ ಸೈಕಲ್ಲು. ಮಲೆನಾಡಿನ ಸೆರಗಿನ ಈ ಊರಲ್ಲಿ ಏರು ಬಂದರೆ ಇಳಿದು ತಳ್ಳುವುದು ವಾಡಿಕೆ. ಮನೆಯಲ್ಲಿ ಅನುಕೂಲವಿದ್ದರೆ ಲೂನಾ. ಈಗ ಅದೇ ಏರನ್ನು ಸದ್ದಿಲ್ಲದೆ ಹತ್ತುವ ಪುಟ್ಟ ಬ್ಯಾಟರಿ ಗಾಡಿಗಳು ಬಂದಿವೆ. ನೋಡಲು ಸ್ಕೂಟರಿನಂತೆಯೇ. ಆದರೆ ನಂಬರ್ ಪ್ಲೇಟಿಲ್ಲ, ಸವಾರನ ತಲೆಗೆ ಹೆಲ್ಮೆಟ್ಟಿಲ್ಲ, ಕಿಸೆಯಲ್ಲಿ ಲೈಸನ್ಸೂ ಇಲ್ಲ.

'ಅದೇನೂ ಬೇಕಾಗಂಗಿಲ್ರಿ, ಇದು ಸೈಕಲ್ ಇದ್ದಂಗ' ಎಂಬುದು ಮಾರುವವರ ಭರವಸೆ. ಮಾತು ಪೂರ್ತಿ ಸುಳ್ಳಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಮುಂದೆ ಬಂದ ತಿದ್ದುಪಡಿಗಳ ಪ್ರಕಾರ, ಮೋಟಾರಿನ ಶಕ್ತಿ 250 ವ್ಯಾಟಿಗಿಂತಲೂ ವೇಗ ಗಂಟೆಗೆ 25 ಕಿ.ಮೀ.ಗಿಂತಲೂ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು 60 ಕಿಲೋ ತೂಕ ಮೀರದ ಗಾಡಿ, ನಿಗದಿತ ಪರೀಕ್ಷೆಯಲ್ಲಿ ಪಾಸಾಗಿದ್ದರೆ, ಅದು ಮೋಟಾರು ವಾಹನವೇ ಅಲ್ಲ. ನೋಂದಣಿ, ಲೈಸನ್ಸು, ಕಡ್ಡಾಯ ವಿಮೆ ಯಾವುದೂ ಬೇಡ. ಯುರೋಪಿನಲ್ಲೂ 250 ವ್ಯಾಟ್, 25 ಕಿ.ಮೀ.ಗಳದೇ ಮಿತಿ. ಆದರೆ ಅಲ್ಲಿ ಪೆಡಲ್ ತುಳಿದರಷ್ಟೇ ಮೋಟಾರು ನೆರವಿಗೆ ಬರಬೇಕು. ನಮ್ಮಲ್ಲಿ ಕಿವಿ ತಿರುವಿದರೆ ಸಾಕು.

1988ರ ಮೋಟಾರು ವಾಹನ ಕಾಯ್ದೆ ಹದಿನಾರು ತುಂಬಿದವರಿಗೆ 50 ಸಿ.ಸಿ.ವರೆಗಿನ ಗಾಡಿ ಓಡಿಸಲು ಅವಕಾಶ ಕೊಟ್ಟಿದೆ, ಲೈಸನ್ಸ್ ಪಡೆದು. ಲೂನಾ ಕಾಲಕ್ಕೆ ಅದು ಸರಿಯಾಗಿಯೇ ಇತ್ತು. ಹೊಗೆಯ ನಿಯಮಗಳು ಬಿಗಿಯಾದವು, ಜನ ದೊಡ್ಡ ಎಂಜಿನ್ನಿಗೆ ಒಗ್ಗಿದರು, ಅಂಥ ಗಾಡಿಗಳು ಅಂಗಡಿಯಿಂದ ಮಾಯವಾದವು. ಪಿಯುಸಿ ಹುಡುಗನಿಗೆ ಕಲಿತು, ಪರೀಕ್ಷೆ ಕೊಟ್ಟು ಓಡಿಸುವ ಗಾಡಿ ಹೆಸರಿಗಷ್ಟೇ ಉಳಿಯಿತು. ಏನನ್ನೂ ಕಲಿಯದೆ ಓಡಿಸುವ ಗಾಡಿ ಕೈಗೆ ಸಿಕ್ಕಿತು.

ಸಪ್ತಾಪುರದ ಒಳರಸ್ತೆಗಳಲ್ಲಿ 25 ಕಿ.ಮೀ. ವೇಗ ಸಾಕು. ಕಷ್ಟ ಶುರುವಾಗುವುದು ಹುಬ್ಬಳ್ಳಿಯ ಹಾದಿ ಹಿಡಿದಾಗ. ಸುಮಾರು 20 ಕಿ.ಮೀ. ದೂರ, ಮುಕ್ಕಾಲು ಗಂಟೆ ದಾಟುವ ಪಯಣ. ನಡುವಿನ ಪಥಗಳು 2018ರಲ್ಲಿ ಓಡಾಟ ಆರಂಭಿಸಿದ 'ಚಿಗರಿ' ಬಸ್ಸುಗಳಿಗೆ ಮೀಸಲು. ಉಳಿದ ಪಥದಲ್ಲಿ ಕಾರು, ಟಂಟಂ, ಬೈಕುಗಳ ಜೊತೆ ನವಲೂರು, ನವನಗರ, ಭೈರಿದೇವರಕೊಪ್ಪ, ಉಣಕಲ್ ದಾಟಬೇಕು. ಹಿಂದಿನಿಂದ ಹಾರ್ನ್ ಬಡಿದಾಗಲೆಲ್ಲ ಹುಡುಗನಿಗೆ ತನ್ನ ಗಾಡಿಯ ಕಡಿವಾಣ ಬಿಚ್ಚಿಸುವ ಆಸೆ ಹುಟ್ಟುತ್ತದೆ. ಪಕ್ಕದ ಮಹಾರಾಷ್ಟ್ರದ ಸಾರಿಗೆ ಇಲಾಖೆ ಹೀಗೆ ತಿದ್ದಿದ ಗಾಡಿಗಳ ಮೇಲೆ 2022ರಲ್ಲಿ ಕಾರ್ಯಾಚರಣೆ ನಡೆಸಿತ್ತು.

ವೇಗ 25ರಿಂದ 50ಕ್ಕೇರಿದರೆ ಡಿಕ್ಕಿಯ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಇದು ಕಾಲೇಜು ಭೌತಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಬ್ರೇಕು, ಗಾಲಿ, ಚೌಕಟ್ಟು ಮಾತ್ರ ಅವೇ, ನಿಧಾನದ ಗಾಡಿಯವು. ಹೆಚ್ಚು ವಿದ್ಯುತ್ ಎಳೆದಷ್ಟೂ ಬ್ಯಾಟರಿ ಕಾಯುತ್ತದೆ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಕೇಂದ್ರ ಸರಕಾರ ಬ್ಯಾಟರಿ ಪರೀಕ್ಷೆಯ ನಿಯಮ ಬಿಗಿ ಮಾಡಿದ್ದನ್ನು ಮರೆಯಬಾರದು. ಬಾಡಿಗೆ ಕೋಣೆಯ ಬಾಗಿಲ ಬಳಿ ರಾತ್ರಿಯಿಡೀ ಚಾರ್ಜಿಗಿಟ್ಟು ಮಲಗುವವರು ವಿಶೇಷವಾಗಿ.

ಪಾಲಕರಿಗೆ ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ. ಮಿತಿ ದಾಟಿದ ಕ್ಷಣ ಆ ಗಾಡಿ ಕಾನೂನಿನ ಕಣ್ಣಿಗೆ ಮೋಟಾರು ವಾಹನವಾಗುತ್ತದೆ, ಅದೂ ನೋಂದಣಿ, ವಿಮೆಗಳಿಲ್ಲದ್ದು. ಅಪ್ರಾಪ್ತ ವಯಸ್ಕರು ಅಪರಾಧ ಎಸಗಿದರೆ 2019ರ ತಿದ್ದುಪಡಿಯಂತೆ ಪಾಲಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಮಕ್ಕಳಿಗೆ 25 ವರ್ಷ ತುಂಬುವವರೆಗೆ ಲೈಸನ್ಸಿಲ್ಲ. ಪೆಟ್ಟಾದ ಪಾದಚಾರಿಗೆ ಪರಿಹಾರ ಕೊಡಲು ವಿಮಾ ಕಂಪನಿಯೂ ಇರುವುದಿಲ್ಲ.

ಗಾಡಿ ಕೊಡಿಸಬಾರದೆಂದಲ್ಲ. ಪರೀಕ್ಷಾ ಪ್ರಮಾಣಪತ್ರ ಕೇಳಿ ನೋಡಿ ಕೊಳ್ಳಬೇಕು. ಕಾಯ್ದೆ ಕೇಳದಿದ್ದರೂ ಹೆಲ್ಮೆಟ್ ಹಾಕಿಸಬೇಕು. ಹುಬ್ಬಳ್ಳಿಗೆ ಹೋಗುವುದಿದ್ದರೆ ಗಾಡಿ ಮನೆಯಲ್ಲಿಟ್ಟು ಚಿಗರಿ ಹತ್ತಿಸಬೇಕು. ತಿಂಗಳಿಗೊಮ್ಮೆ ಅಪ್ಪನೋ ಅವ್ವನೋ ತಾವೇ ಆ ಗಾಡಿ ಓಡಿಸಿ ನೋಡಿದರೆ, ಅದು ಇನ್ನೂ ಇಪ್ಪತ್ತೈದರೊಳಗೇ ಇದೆಯೋ ಇಲ್ಲವೋ ಗೊತ್ತಾಗುತ್ತದೆ.